ಕಾಶಿ ಕಣಗಿಲೆ: ಬೆಳೆಯುವುದು ಸುಲಭ, ಎಲೆಯಿಂದ ಮದ್ದು ತೆಗೆಯುವುದು ಕಷ್ಟ

ಇವತ್ತು ನಾನು ಹೇಳಹೊರಟಿರುವ ಗಿಡವನ್ನು ನೋಡದವರು ಇಲ್ಲಿ ಯಾರೂ ಇರಲಿಕ್ಕಿಲ್ಲ. ಕಾಶಿ ಕಣಗಿಲೆ, ನಿತ್ಯಪುಷ್ಪ, ಸದಾಪುಷ್ಪ. ಊರಿಗೊಂದು ಹೆಸರು. ಮೊಣಕಾಲೆತ್ತರದ ಗಿಡ, ಐದು ಎಸಳಿನ ಹೂ. ಬಣ್ಣ ಗುಲಾಬಿ, ಇಲ್ಲ ಬಿಳಿ, ಇಲ್ಲ ಬಿಳಿಯ ನಡುವೆ ಕೆಂಪು ಚುಕ್ಕೆ. ದೇವಸ್ಥಾನದ ಅಂಗಳ, ಸ್ಮಶಾನದ ಬೇಲಿ, ಬಸ್ ಸ್ಟ್ಯಾಂಡಿನ ಗೋಡೆಯ ಬಿರುಕು, ಕಡಲ ಬದಿಯ ಮರಳು, ಎಲ್ಲಿ ಬೇಕಾದರೂ ಹುಟ್ಟುತ್ತದೆ. ಯಾರೂ ನೀರು ಹಾಕುವುದಿಲ್ಲ, ಆದರೂ ವರ್ಷವಿಡೀ ಹೂ ಬಿಡುತ್ತದೆ. ವಿಜ್ಞಾನಿಗಳು ಇದನ್ನು ಕ್ಯಾಥರಾಂಥಸ್ ರೋಸಿಯಸ್ ಎನ್ನುತ್ತಾರೆ. ವಿಂಕಾ ರೋಸಿಯಾ ಎಂಬುದು ಹಳೆಯ ಹೆಸರು. ನರ್ಸರಿಯವರು ಇವತ್ತಿಗೂ ವಿಂಕಾ ಅಂತಲೇ ಮಾರುತ್ತಾರೆ.

ಈ ಗಿಡದ ಮಾತು ಬಂದಾಗಲೆಲ್ಲ ಎರಡು ಪ್ರಶ್ನೆ ತಪ್ಪದೆ ಬರುತ್ತವೆ. ಮನೆಯವರು ಕೇಳುವುದು, "ಎಲೆ ತಿಂದರೆ ಶುಗರ್ ಇಳಿಯುತ್ತದಾ?" ರೈತರು ಕೇಳುವುದು, "ಕ್ಯಾನ್ಸರ್ ಔಷಧಿಗೆ ಹೋಗುತ್ತಂತೆ, ಎಕರೆಗೆ ಎಷ್ಟು ಸಿಗಬಹುದು?" ಎರಡಕ್ಕೂ ಉತ್ತರ ಒಂದೇ ಕಡೆ ಇದೆ. ಎಲೆಯಲ್ಲಿ ಮದ್ದು ಇರುವುದು ನಿಜ, ಆದರೆ ತೀರಾ ಕಡಿಮೆ ಇದೆ. ಎಷ್ಟು ಕಡಿಮೆ ಅಂತ ಲೆಕ್ಕ ಹಾಕಿಯೇ ತೋರಿಸುತ್ತೇನೆ. ಅದಕ್ಕೂ ಮೊದಲು ಗಿಡ ಎಲ್ಲಿಂದ ಬಂತು ನೋಡೋಣ.

ಇದು ನಮ್ಮ ದೇಶದ್ದಲ್ಲ. ಮೂಲ ಮಡಗಾಸ್ಕರ್, ಆಫ್ರಿಕಾದ ಪೂರ್ವಕ್ಕಿರುವ ದ್ವೀಪ. ಅಲ್ಲಿಂದ ಬೀಜ ಪ್ಯಾರಿಸ್ಸಿನ ರಾಜೋದ್ಯಾನಕ್ಕೆ ಹೋಯಿತು. ಪ್ಯಾರಿಸ್ಸಿನಿಂದ ಲಂಡನ್ನಿನ ಚೆಲ್ಸಿ ಔಷಧವನಕ್ಕೆ ಬಂತು. 1750ರ ದಶಕದಲ್ಲಿ ಫಿಲಿಪ್ ಮಿಲ್ಲರ್ ಎಂಬ ತೋಟಗಾರ ಅಲ್ಲಿ ಇದನ್ನು ಬೆಳೆಸಿದ. 1759ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಹೆಸರಿಟ್ಟ. ಆಮೇಲೆ ಬಿಸಿಲಿರುವ ದೇಶಗಳಿಗೆಲ್ಲ ಹರಡಿತು. ಒಮ್ಮೆ ತೋಟಕ್ಕೆ ಬಂದ ಗಿಡ ಬೇಲಿ ದಾಟಿತು, ಮರಳು ನೆಲ ಸಿಕ್ಕಿದಲ್ಲೆಲ್ಲ ಕಾಡುಗಿಡವಾಯಿತು. ನಮ್ಮಲ್ಲೂ ಆಗಿದ್ದು ಅದೇ.

ಇಲ್ಲಿ ಸ್ವಲ್ಪ ದಾರಿ ತಪ್ಪುತ್ತೇನೆ, ಕ್ಷಮಿಸಿ. ಕ್ಯಾಥರಾಂಥಸ್ ಕುಲದಲ್ಲಿ ಎಂಟು ಜಾತಿಗಳಿವೆ. ಏಳು ಮಡಗಾಸ್ಕರ್‌ನವು. ಎಂಟನೆಯದು ಮಾತ್ರ ಭಾರತ ಮತ್ತು ಶ್ರೀಲಂಕಾದ್ದು. ಅದರ ಹೆಸರು ಕ್ಯಾಥರಾಂಥಸ್ ಪುಸಿಲ್ಲಸ್. ಗೇಣುದ್ದದ ಗಿಡ, ಪುಟ್ಟ ಬಿಳಿ ಹೂ. ಹೊಲದ ಬದು, ಒಣ ಮರಳು ನೆಲದಲ್ಲಿ ಮಳೆಗಾಲದಲ್ಲಿ ಬರುತ್ತದೆ. ನೀವು ಕಳೆ ಅಂತ ಕಿತ್ತು ಬಿಸಾಡಿರಬಹುದು. ಸಾವಿರಾರು ಕಿಲೋಮೀಟರ್ ಸಮುದ್ರದ ಆಚೆ ಇರುವ ದ್ವೀಪದ ಕುಲಕ್ಕೆ ಸೇರಿದ ಒಂದೇ ಒಂದು ಜಾತಿ ನಮ್ಮ ಹೊಲದಲ್ಲಿದೆ. ಮುಂದಿನ ಸಲ ಕಳೆ ಕೀಳುವಾಗ ಒಮ್ಮೆ ಬಗ್ಗಿ ನೋಡಿ.

ಸರಿ, ಮರಳಿನ ಮಾತಿಗೆ ಬರೋಣ. ಈ ಗಿಡಕ್ಕೆ ಮರಳೇ ಯಾಕೆ ಬೇಕು? ಗೊಬ್ಬರ ಕಡಿಮೆ ಇದ್ದರೂ ತಡೆಯುತ್ತದೆ. ಬಿಸಿಲು ಎಷ್ಟಿದ್ದರೂ ಸೈ. ಕಡಲ ಉಪ್ಪುಗಾಳಿಯನ್ನೂ ಸಹಿಸುತ್ತದೆ. ಸಹಿಸದ ಒಂದೇ ಸಂಗತಿ ಬುಡದಲ್ಲಿ ನಿಂತ ನೀರು. ನೀರು ನಿಂತರೆ ಪೈಥಿಯಂ, ಫೈಟಾಫ್ಥೊರಾದಂಥ ರೋಗಾಣುಗಳು ಬೇರಿಗೂ ಬುಡಕ್ಕೂ ಹತ್ತುತ್ತವೆ. ಎರಡು ಮೂರು ದಿನದಲ್ಲಿ ಗಿಡ ಕಪ್ಪಾಗಿ ಬಾಗುತ್ತದೆ. ಮರಳಿನಲ್ಲಿ ನೀರು ಬಸಿದುಹೋಗುತ್ತದೆ, ಅಷ್ಟೇ ವಿಷಯ. ಕರಾವಳಿಯಲ್ಲಿ ಮಳೆ ಅಷ್ಟು ಜೋರಿದ್ದರೂ ತೀರದ ಮರಳಲ್ಲಿ ಇದು ಬದುಕುತ್ತದೆ. ಅದೇ ಮಳೆಗೆ ಒಳನಾಡಿನ ಜಿಗುಟು ಮಣ್ಣಿನಲ್ಲಿ ಕೊಳೆತುಹೋಗುತ್ತದೆ.

ಇದು ಎಲ್ಲೆಂದರಲ್ಲಿ ಉಳಿಯಲು ಇನ್ನೊಂದು ಕಾರಣವೂ ಇದೆ. ಇದು ಕಣಗಿಲೆ, ಎಕ್ಕ, ನಂದಿಬಟ್ಟಲಿನ ಕುಟುಂಬದ್ದು. ಮುರಿದರೆ ಹಾಲು ಬರುತ್ತದೆ, ಎಲೆ ಕಹಿ ವಿಷ. ದನ, ಮೇಕೆ ಮೂಸಿ ನೋಡಿ ಮುಂದೆ ಹೋಗುತ್ತವೆ. ಊರಿನ ಮೇಕೆಗಳೆಲ್ಲ ಓಡಾಡುವ ಬಯಲಲ್ಲಿ ಉಳಿದ ಹಸಿರೆಲ್ಲ ಬೋಳಾದಾಗ ಇದೊಂದು ನಗುತ್ತಾ ನಿಂತಿರುವುದು ಅದಕ್ಕೇ.

ಆ ಕಹಿಯಲ್ಲೇ ಇವತ್ತಿನ ಮುಖ್ಯ ಕಥೆ ಇದೆ. ಎಲೆ, ಬೇರು ಎಲ್ಲ ಸೇರಿ ಆಲ್ಕಲಾಯ್ಡ್ ಎಂಬ ಕಹಿ ರಾಸಾಯನಿಕಗಳು ನೂರಕ್ಕೂ ಹೆಚ್ಚು ಈ ಗಿಡದಲ್ಲಿವೆ. ಹೊಟ್ಟೆಬಾಕ ಹುಳ, ಪ್ರಾಣಿಗಳಿಂದ ತಪ್ಪಿಸಿಕೊಳ್ಳಲು ಗಿಡ ಮಾಡಿಕೊಂಡ ಏರ್ಪಾಡು ಅದು. ಜಮೈಕಾದಲ್ಲಿ, ಫಿಲಿಪೀನ್ಸ್‌ನಲ್ಲಿ ಜನ ಈ ಎಲೆಯ ಕಷಾಯವನ್ನು ಸಕ್ಕರೆ ಕಾಯಿಲೆಗೆ ಕುಡಿಯುತ್ತಿದ್ದರು. ನಮ್ಮಲ್ಲಿ ಬೆಳಿಗ್ಗೆ ಖಾಲಿ ಹೊಟ್ಟೆಗೆ ಎಲೆ ಜಗಿಯುವವರು ಇವತ್ತಿಗೂ ಇದ್ದಾರೆ, ಅಲ್ವಾ?

1952ರಲ್ಲಿ ಕೆನಡಾದ ಒಬ್ಬ ವೈದ್ಯರಿಗೆ ಜಮೈಕಾದಿಂದ ಒಂದು ಲಕೋಟೆ ಬಂತು. ಒಳಗೆ ಈ ಗಿಡದ 25 ಎಲೆ. ಕಳಿಸಿದ್ದು ಅವರ ಬಳಿ ಚಿಕಿತ್ಸೆ ಪಡೆದಿದ್ದ ಒಬ್ಬರು. ಆ ವೈದ್ಯರ ಹೆಸರು ಕ್ಲಾರ್ಕ್ ನೋಬಲ್. ಇವರದೂ ಒಂದು ಸ್ವಾರಸ್ಯದ ಕಥೆ. 1921ರಲ್ಲಿ ಟೊರಾಂಟೊದಲ್ಲಿ ಬ್ಯಾಂಟಿಂಗ್ ಇನ್ಸುಲಿನ್ ಹುಡುಕುತ್ತಿದ್ದಾಗ ಸಹಾಯಕ್ಕೆ ಇಬ್ಬರು ವಿದ್ಯಾರ್ಥಿಗಳಿದ್ದರು. ಚಾರ್ಲ್ಸ್ ಬೆಸ್ಟ್ ಮತ್ತು ಕ್ಲಾರ್ಕ್ ನೋಬಲ್. ಯಾರು ಮೊದಲು ಹೋಗಬೇಕು ಅಂತ ನಾಣ್ಯ ಚಿಮ್ಮಿದರು. ಬೆಸ್ಟ್ ಗೆದ್ದರು. ಬ್ಯಾಂಟಿಂಗ್ ಮತ್ತು ಬೆಸ್ಟ್ ಅಂತ ಪುಸ್ತಕಗಳಲ್ಲಿ ಓದುತ್ತೇವಲ್ಲ, ಅದು ಒಂದು ನಾಣ್ಯದ ಆಟ. ಮೂವತ್ತು ವರ್ಷ ಕಳೆದ ಮೇಲೆ ಸಕ್ಕರೆ ಕಾಯಿಲೆಯ ಎಲೆ ಅಂತ ಲಕೋಟೆ ಬಂದಿದ್ದು ಅದೇ ನೋಬಲ್ ಅವರ ಕೈಗೆ.

ಅವರು ಅಷ್ಟರಲ್ಲಿ ವೃತ್ತಿ ಬಿಡುವ ಹೊತ್ತಿನಲ್ಲಿದ್ದರು. ಎಲೆಗಳನ್ನು ತಮ್ಮನಾದ ರಾಬರ್ಟ್ ನೋಬಲ್‌ಗೆ ಕಳಿಸಿದರು. ರಾಬರ್ಟ್ ಇದ್ದದ್ದು ವೆಸ್ಟರ್ನ್ ಒಂಟಾರಿಯೊ ವಿಶ್ವವಿದ್ಯಾಲಯದಲ್ಲಿ. ಎಲೆಯ ರಸ ತೆಗೆದು ಇಲಿಗಳಿಗೆ ಕುಡಿಸಿದರು. ರಕ್ತದ ಸಕ್ಕರೆಯಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ. ಚುಚ್ಚುಮದ್ದಾಗಿ ಕೊಟ್ಟು ನೋಡಿದರು. ಕೆಲವೇ ದಿನದಲ್ಲಿ ಇಲಿಗಳು ಸೋಂಕು ತಗುಲಿ ಸತ್ತವು. ಯಾಕೆ ಅಂತ ನೋಡಿದರೆ ರಕ್ತದ ಬಿಳಿ ಕಣಗಳು ಕುಸಿದಿದ್ದವು. ಮೂಳೆಮಜ್ಜೆ ಸೊರಗಿತ್ತು. ಬೇರೆಯವರಾಗಿದ್ದರೆ "ಇದು ವಿಷ" ಅಂತ ಬರೆದು ಕಡತ ಮುಚ್ಚುತ್ತಿದ್ದರೇನೋ. ರಾಬರ್ಟ್ ಇನ್ನೊಂದು ದಿಕ್ಕಿನಲ್ಲಿ ಯೋಚಿಸಿದರು. ಬಿಳಿ ಕಣ ಮಿತಿಮೀರಿ ಹೆಚ್ಚುವ ಕಾಯಿಲೆಯೇ ರಕ್ತದ ಕ್ಯಾನ್ಸರ್. ಹಾಗಿದ್ದರೆ ಅಲ್ಲಿ ಇದು ಕೆಲಸಕ್ಕೆ ಬರಬಹುದಲ್ಲ?

1954ರಲ್ಲಿ ಚಾರ್ಲ್ಸ್ ಬಿಯರ್ ಎಂಬ ರಸಾಯನಶಾಸ್ತ್ರಜ್ಞರು ಜೊತೆಗೂಡಿದರು. 1958ರ ಹೊತ್ತಿಗೆ ಬಿಳಿ ಕಣ ಕುಗ್ಗಿಸುವ ಆ ವಸ್ತು ಶುದ್ಧ ರೂಪದಲ್ಲಿ ಸಿಕ್ಕಿತು. ಅದೇ ವಿನ್‌ಬ್ಲಾಸ್ಟಿನ್. ಇದೇ ಸಮಯಕ್ಕೆ ಅಮೆರಿಕದ ಎಲಿ ಲಿಲ್ಲಿ ಕಂಪನಿಯಲ್ಲಿ ಗಾರ್ಡನ್ ಸ್ವೊಬೊಡ ಕೂಡ ಇದೇ ಗಿಡದ ಹಿಂದೆ ಬಿದ್ದಿದ್ದರು. ಅವರೂ ಹೊರಟದ್ದು ಸಕ್ಕರೆ ಕಾಯಿಲೆಯ ಮಾತು ಕೇಳಿಯೇ. ಎರಡನೇ ಮಹಾಯುದ್ಧದ ಕಾಲದಲ್ಲಿ ಫಿಲಿಪೀನ್ಸ್‌ನಲ್ಲಿ ಇನ್ಸುಲಿನ್ ಸಿಗದೆ ಜನ ಈ ಎಲೆ ಬಳಸಿದ್ದರು ಎಂಬ ವರದಿ ಇತ್ತು. ಅವರಿಗೆ ಸಿಕ್ಕ ಇನ್ನೊಂದು ವಸ್ತು ವಿಂಕ್ರಿಸ್ಟಿನ್. 1963ರಲ್ಲಿ ಅಮೆರಿಕದಲ್ಲಿ ಅದಕ್ಕೆ ಅನುಮತಿ ಸಿಕ್ಕಿತು.

ಇವು ಕೆಲಸ ಮಾಡುವ ರೀತಿಯನ್ನು ಚುಟುಕಾಗಿ ಹೇಳುತ್ತೇನೆ. ಜೀವಕೋಶ ಒಂದು ಎರಡಾಗುವಾಗ ಒಳಗೆ ಸೂಕ್ಷ್ಮ ಎಳೆಗಳು ಕಟ್ಟಿಕೊಳ್ಳುತ್ತವೆ. ಕ್ರೋಮೋಸೋಮ್‌ಗಳನ್ನು ಎರಡು ಕಡೆಗೆ ಎಳೆಯುವುದು ಆ ಎಳೆಗಳೇ. ಟ್ಯೂಬುಲಿನ್ ಎಂಬ ಪ್ರೋಟೀನಿನಿಂದ ಅವು ಆಗುತ್ತವೆ. ಈ ಔಷಧಿ ಟ್ಯೂಬುಲಿನ್‌ಗೆ ಅಂಟಿಕೊಂಡು ಎಳೆ ಕಟ್ಟಲು ಬಿಡುವುದಿಲ್ಲ. ಕೋಶ ಅರ್ಧದಲ್ಲಿ ನಿಂತು ಸಾಯುತ್ತದೆ. ಬೇಗ ಬೇಗ ಹೆಚ್ಚುವ ಕ್ಯಾನ್ಸರ್ ಕೋಶಕ್ಕೆ ಪೆಟ್ಟು ಜಾಸ್ತಿ. ನರಗಳಲ್ಲೂ ಅಂಥದ್ದೇ ಎಳೆಗಳಿವೆ. ಹಾಗಾಗಿ ಈ ಔಷಧಿ ತಗೊಂಡವರಿಗೆ ಕೈಕಾಲು ಜೋಮು ಹಿಡಿಯುತ್ತದೆ. ವಿಂಕ್ರಿಸ್ಟಿನ್ ಅನ್ನು ರಕ್ತನಾಳಕ್ಕೇ ಕೊಡಬೇಕು. ಕೈತಪ್ಪಿ ಬೆನ್ನುಹುರಿಯ ದ್ರವಕ್ಕೆ ಕೊಟ್ಟರೆ ರೋಗಿ ಉಳಿಯುವುದು ಬಹುತೇಕ ಇಲ್ಲ. ಅಷ್ಟು ಖಡಕ್ ವಸ್ತು ಇದು.

1960ರ ಸುಮಾರಿಗೆ ರಕ್ತದ ಕ್ಯಾನ್ಸರ್ ಬಂದ ಮಕ್ಕಳಲ್ಲಿ ಬದುಕಿ ಉಳಿಯುತ್ತಿದ್ದವರು ತೀರಾ ಕಡಿಮೆ. ಇವತ್ತು ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾದಲ್ಲಿ, ಒಳ್ಳೆಯ ಚಿಕಿತ್ಸೆ ಸಿಗುವ ಕಡೆ, ಹತ್ತು ಮಕ್ಕಳಲ್ಲಿ ಒಂಬತ್ತು ಮಕ್ಕಳು ಬದುಕುತ್ತಾರೆ. ಒಂದೇ ಔಷಧಿಯಿಂದ ಆಗಿದ್ದಲ್ಲ ಇದು, ಹಲವನ್ನು ಸೇರಿಸಿ ಕೊಡುತ್ತಾರೆ. ಆ ಸಾಲಿನಲ್ಲಿ ವಿಂಕ್ರಿಸ್ಟಿನ್ ಇದ್ದೇ ಇರುತ್ತದೆ.

ಈಗ ಲೆಕ್ಕ. ಒಂದು ಗ್ರಾಂ ವಿನ್‌ಬ್ಲಾಸ್ಟಿನ್ ತೆಗೆಯಲು ಸುಮಾರು 500 ಕಿಲೋ ಒಣ ಎಲೆ ಬೇಕು. ಒಂದು ಗ್ರಾಂ ವಿಂಕ್ರಿಸ್ಟಿನ್‌ಗೆ ಸುಮಾರು 2000 ಕಿಲೋ. ಹಸಿ ಎಲೆ ಅಂದುಕೊಳ್ಳಬೇಡಿ, ಒಣಗಿಸಿದ ಎಲೆಯೇ ಎರಡು ಟನ್. ಮಳೆಯಾಶ್ರಯದಲ್ಲಿ ಎಕರೆಗೆ ವರ್ಷಕ್ಕೆ ಸಿಗುವ ಒಣ ಎಲೆ ಸುಮಾರು 800 ಕಿಲೋ. ಅಂದರೆ ಎರಡೂವರೆ ಎಕರೆಯ ಒಂದು ವರ್ಷದ ದುಡಿಮೆ ಒಂದು ಗ್ರಾಂ. ರೋಗಿಗೆ ಒಂದು ಸಲಕ್ಕೆ ಕೊಡುವುದು ಸಾಮಾನ್ಯವಾಗಿ ಹೆಚ್ಚೆಂದರೆ 2 ಮಿಲಿಗ್ರಾಂ. ಹಾಗೆ ನೋಡಿದರೆ ಒಂದು ಎಕರೆಯ ಎಲೆಯಿಂದ 200 ಸಲದ ಮದ್ದು. ಕೇಳಲು ದೊಡ್ಡದೇ. ಆದರೆ 800 ಕಿಲೋ ಎಲೆಯಿಂದ ಅರ್ಧ ಗ್ರಾಂಗೂ ಕಡಿಮೆ ತೂಕದ ವಸ್ತುವನ್ನು ಬೇರ್ಪಡಿಸುವುದಿದೆಯಲ್ಲ, ದುಡ್ಡೆಲ್ಲ ಹೋಗುವುದು ಅಲ್ಲಿ. ರೈತನಿಗೆ ಸಿಗುವುದು ಒಣ ಎಲೆಯ ಬೆಲೆ. ಔಷಧಿಯ ಬೆಲೆ ನೋಡಿ ಎಲೆಯ ಬೆಲೆ ಊಹಿಸುವವರು ಮೋಸ ಹೋಗುತ್ತಾರೆ.

ಗಿಡ ಯಾಕೆ ಇಷ್ಟು ಜಿಪುಣ ಅಂತ ನೀವು ಕೇಳಬಹುದು. ಇದಕ್ಕೆ ಚೆಂದದ ಉತ್ತರ ಸಿಕ್ಕಿದೆ. ವಿನ್‌ಬ್ಲಾಸ್ಟಿನ್ ಆಗಬೇಕಾದರೆ ಕ್ಯಾಥರಾಂಥಿನ್ ಮತ್ತು ವಿಂಡೊಲಿನ್ ಎಂಬ ಎರಡು ವಸ್ತು ಕೂಡಬೇಕು. ಎರಡೂ ಎಲೆಯಲ್ಲಿ ಧಾರಾಳವಾಗಿಯೇ ಇವೆ. ಆದರೆ ಕ್ಯಾಥರಾಂಥಿನ್ ಎಲೆಯ ಮೇಲ್ಮೈಯ ಮೇಣದ ಪದರಕ್ಕೆ ಬಂದು ಕೂರುತ್ತದೆ. ವಿಂಡೊಲಿನ್ ಎಲೆಯ ಒಳಗಿನ ಕೋಶಗಳಲ್ಲಿ ಉಳಿಯುತ್ತದೆ. ಹುಣಸೆ ಅಟ್ಟದ ಮೇಲೆ, ಬೆಲ್ಲ ಪೆಟ್ಟಿಗೆಯೊಳಗೆ ಇದ್ದರೆ ಗೊಜ್ಜು ಎಲ್ಲಿ ಆಗುತ್ತದೆ? ಎಲ್ಲೋ ಅಪ್ಪಿತಪ್ಪಿ ಎರಡೂ ಸೇರಿದಷ್ಟೇ ಮದ್ದು. 1970ರ ದಶಕದಲ್ಲಿ ಫ್ರಾನ್ಸಿನ ಪಿಯರ್ ಪೋತಿಯೆ ಮತ್ತು ಅವರ ತಂಡ ಈ ಎರಡನ್ನೂ ಪ್ರಯೋಗಾಲಯದಲ್ಲಿ ಜೋಡಿಸುವ ದಾರಿ ಕಂಡುಕೊಂಡರು. ಎಲೆಯಲ್ಲಿ ಧಾರಾಳವಾಗಿರುವುದನ್ನು ತೆಗೆದು ಕೈಯಿಂದ ಕೂಡಿಸುವುದು. ಅದರಿಂದ ವಿನೊರೆಲ್ಬಿನ್ ಎಂಬ ಹೊಸ ಔಷಧಿಯೂ ಹುಟ್ಟಿತು.

ಶುಗರ್‌ಗೆ ಎಲೆ ಜಗಿಯುವವರಿಗೆ ಇಲ್ಲೇ ಒಂದು ಮಾತು. ನಿಮ್ಮ ಬಾಯಿಗೆ ಹೋಗುವುದು ಮದ್ದೊಂದೇ ಅಲ್ಲ. ನೂರಕ್ಕೂ ಹೆಚ್ಚು ಆಲ್ಕಲಾಯ್ಡ್‌ಗಳ ಮಿಶ್ರಣ. ಒಂದೊಂದು ಗಿಡದಲ್ಲಿ ಒಂದೊಂದು ಪ್ರಮಾಣ. ಕೆಲವು ರಕ್ತದೊತ್ತಡ ಇಳಿಸುತ್ತವೆ, ಕೆಲವು ಕೋಶವನ್ನೇ ಕೊಲ್ಲುತ್ತವೆ. ನಾಲ್ಕು ಎಲೆ, ಎಂಟು ಎಲೆ ಅಂತ ಎಣಿಸಿ ತಿಂದರೆ ಅದು ಅಳತೆ ಆಗುವುದಿಲ್ಲ. ಬಸುರಿಯರಂತೂ ಹತ್ತಿರವೂ ಹೋಗಬಾರದು. ಮಾತ್ರೆ ಬಿಟ್ಟು ಎಲೆ ಹಿಡಿದವರನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ, ಮುಚ್ಚಿಡುವುದಿಲ್ಲ.

ಇಷ್ಟೆಲ್ಲ ಕೇಳಿಯೂ ಬೆಳೆಯುತ್ತೇನೆ ಅನ್ನುವವರಿಗೆ ಈಗ ಬೇಸಾಯದ ಮಾತು. ತಮಿಳುನಾಡಿನ ದಕ್ಷಿಣದಲ್ಲಿ, ತಿರುನೆಲ್ವೇಲಿ ಸೀಮೆಯ ಒಣ ಮರಳು ನೆಲದಲ್ಲಿ, ಇದು ಮೊದಲಿನಿಂದ ಬೆಳೆಯಾಗಿ ಇದೆ. ನಮ್ಮಲ್ಲೂ ಅಲ್ಲಲ್ಲಿ ಬೆಳೆಯುತ್ತಾರೆ. ಮರಳು ಮಿಶ್ರಿತ ಗೋಡು ಮಣ್ಣು, ನೀರು ಬಸಿಯುವ ಇಳಿಜಾರು ಇದ್ದರೆ ಒಳ್ಳೆಯದು. ಎರೆಮಣ್ಣಿನವರು ದಯವಿಟ್ಟು ಬೇರೆ ಬೆಳೆ ನೋಡಿಕೊಳ್ಳಿ.

ಬೀಜ ಹೊಸದಾಗಿರಬೇಕು, ಹಳೆಯದಾದಷ್ಟೂ ಮೊಳಕೆ ಕಡಿಮೆ. ನೇರ ಬಿತ್ತನೆಗೆ ಎಕರೆಗೆ ಒಂದು ಕಿಲೋ ಸಾಕು. ಬೀಜ ಸಣ್ಣ, ಕಪ್ಪಗಿದೆ. ಸುಮ್ನೆ ಕೈಯಲ್ಲಿ ಎರಚಿದರೆ ಒಂದೇ ಕಡೆ ಬೀಳುತ್ತದೆ. ಹತ್ತು ಪಟ್ಟು ಮರಳು ಬೆರೆಸಿ, ಒಂದೂವರೆ ಅಡಿ ಅಂತರದ ಸಾಲುಗಳಲ್ಲಿ ಬಿತ್ತಿ, ತೆಳ್ಳಗೆ ಮಣ್ಣು ಮುಚ್ಚಿ. ಮುಚ್ಚುವುದು ಮುಖ್ಯ, ಈ ಬೀಜ ಕತ್ತಲಲ್ಲಿ ಚೆನ್ನಾಗಿ ಮೊಳೆಯುತ್ತದೆ. ಮುಂಗಾರು ಹಿಡಿದ ಕೂಡಲೇ ಬಿತ್ತುವುದು ವಾಡಿಕೆ. ಸಸಿ ಬಂದ ಮೇಲೆ ಅಡಿಗೊಂದು ಉಳಿಸಿ ಮಿಕ್ಕಿದ್ದನ್ನು ಕಿತ್ತುಬಿಡಿ. ಬೀಜ ದುಬಾರಿ ಅನಿಸಿದರೆ ಸಸಿಮಡಿ ಮಾಡಿ. ಆಗ ಎಕರೆಗೆ 200 ಗ್ರಾಂ ಬೀಜ ಸಾಕಾಗುತ್ತದೆ. ಮಾರ್ಚ್, ಏಪ್ರಿಲ್‌ನಲ್ಲಿ ಮಡಿಗೆ ಹಾಕಿದರೆ ಎರಡು ತಿಂಗಳಲ್ಲಿ ಸಸಿ ನಾಟಿಗೆ ಸಿದ್ಧ. ಎಕರೆಗೆ ಹತ್ತಿರ ಹತ್ತಿರ 30,000 ಗಿಡ ಕೂರುತ್ತವೆ.

ಕೊಟ್ಟಿಗೆ ಗೊಬ್ಬರ ನಾಲ್ಕೈದು ಟನ್ ಕೊಟ್ಟರೆ ಗಿಡಕ್ಕೆ ಖುಷಿ. ಕಳೆ ಎರಡು ಸಲ ತೆಗೆಯಬೇಕು. ಎರಡನೇ ತಿಂಗಳಲ್ಲಿ ಒಮ್ಮೆ, ನಾಲ್ಕನೇ ತಿಂಗಳಲ್ಲಿ ಒಮ್ಮೆ. ಆಮೇಲೆ ಗಿಡ ತಾನೇ ನೆಲ ಮುಚ್ಚುತ್ತದೆ. ಮಳೆ ಹದವಾಗಿ ಬಂದರೆ ನೀರು ಬೇಡ, ಇಲ್ಲದಿದ್ದರೆ ವರ್ಷಕ್ಕೆ ನಾಲ್ಕೈದು ಸಲ ಕೊಟ್ಟರೆ ಸಾಕು.

ಎಲೆ ಬಿಡಿಸುವುದು ಆರನೇ ತಿಂಗಳಲ್ಲಿ ಒಮ್ಮೆ, ಒಂಬತ್ತನೇ ತಿಂಗಳಲ್ಲಿ ಒಮ್ಮೆ. ವರ್ಷ ತುಂಬಿದಾಗ ಗಿಡವನ್ನು ನೆಲದಿಂದ ಮೂರು ಅಂಗುಲ ಬಿಟ್ಟು ಕೊಯ್ದು ಉಳಿದ ಎಲೆ ತೆಗೆಯಬೇಕು. ಕೊನೆಗೆ ಹೊಲಕ್ಕೆ ನೀರು ಹಾಯಿಸಿ, ಹದ ಬಂದಾಗ ಉತ್ತು ಬೇರು ಆರಿಸಬೇಕು. ಎಲ್ಲವನ್ನೂ ನೆರಳಲ್ಲಿ ಒಣಗಿಸಿ. ಬಿಸಿಲಲ್ಲಿ ಹರಡಿದರೆ ಕೆಲಸ ಬೇಗ ಮುಗಿಯುತ್ತದೆ, ಮಾಲಿನ ಗುಣ ಕೆಡುತ್ತದೆ. ನೀರಾವರಿಯಲ್ಲಿ ಎಕರೆಗೆ ಸುಮಾರು 1400 ಕಿಲೋ ಒಣ ಎಲೆ, 600 ಕಿಲೋ ಬೇರು. ಮಳೆಯಾಶ್ರಯದಲ್ಲಿ ಬೇರು 300 ಕಿಲೋ. ಬೇರನ್ನು ಕಡೆಗಣಿಸಬೇಡಿ. ಅದರಲ್ಲಿ ಅಜ್ಮಲಿಸಿನ್ ಇದೆ, ರಕ್ತ ಸಂಚಾರದ ತೊಂದರೆಗೆ ಬಳಸುವ ಔಷಧಿ. ಬೇರಿಗೇ ಬೇರೆ ಗಿರಾಕಿ ಇರುತ್ತಾರೆ.

ರೋಗದಲ್ಲಿ ಎರಡನ್ನು ಗುರುತು ಹಿಡಿಯಲು ಕಲಿಯಿರಿ. ಒಂದು ಕುಡಿ ಒಣಗುವ ರೋಗ. ಮೇಲಿನಿಂದ ಕೆಳಗೆ ಕಪ್ಪಾಗುತ್ತಾ ಬರುತ್ತದೆ. ಮಳೆಗಾಲದಲ್ಲಿ ಇದರ ಹಾವಳಿ. ಔಷಧಿ, ಸುಗಂಧ ಗಿಡಗಳ ಸಂಶೋಧನೆ ಮಾಡುವ ಲಕ್ನೋದ ಸೀಮ್ಯಾಪ್ ಸಂಸ್ಥೆ ಇದನ್ನು ತಡೆದುಕೊಳ್ಳುವ ನಿರ್ಮಲ್, ಧವಲ್ ಎಂಬ ತಳಿಗಳನ್ನು ಕೊಟ್ಟಿದೆ. ಇವರದೇ ಒಂದು ಕೇಂದ್ರ ಬೆಂಗಳೂರಿನಲ್ಲೂ ಇದೆ. ಬೀಜ ಎಲ್ಲಿ ಸಿಗುತ್ತದೆ ಅಂತ ಅಲ್ಲೇ ವಿಚಾರಿಸಿ. ಬೀದಿಬದಿಯ ಗಿಡದ ಬೀಜ ಹಾಕಿ ಬೆಳೆ ತೆಗೆಯುವ ಯೋಚನೆ ಬಿಡಿ.

ಇನ್ನೊಂದು ಗಿಡ್ಡ ಎಲೆ ರೋಗ. ಎಲೆ ಚಿಕ್ಕದಾಗಿ ಗೊಂಚಲು ಕಟ್ಟುತ್ತದೆ. ಹೂವಿನ ಎಸಳೇ ಹಸಿರಾಗಿ ಎಲೆಯಂತಾಗುತ್ತದೆ. ಕೆಲವರು "ಹಸಿರು ಹೂ ಬಿಟ್ಟಿದೆ, ಅಪರೂಪದ್ದು" ಅಂತ ಕುಂಡಕ್ಕೆ ಹಾಕಿ ಸಾಕುತ್ತಾರೆ! ಅದು ಫೈಟೊಪ್ಲಾಸ್ಮಾ ಎಂಬ ರೋಗಾಣು, ಜಿಗಿಹುಳುಗಳು ಹರಡುತ್ತವೆ. ಕಿತ್ತು ಸುಡುವುದೊಂದೇ ದಾರಿ. ತಮಾಷೆ ಏನೆಂದರೆ, ಈ ರೋಗಾಣುಗಳನ್ನು ಓದುವ ವಿಜ್ಞಾನಿಗಳು ಪ್ರಪಂಚದಾದ್ಯಂತ ಅವನ್ನು ಸಾಕುವುದು ಕಾಶಿ ಕಣಗಿಲೆಯಲ್ಲೇ. ಬೇರೆ ಬೆಳೆಯ ರೋಗವನ್ನು ಕಸ್ಕ್ಯೂಟ ಎಂಬ ಪರಾವಲಂಬಿ ಬಳ್ಳಿಯ ಮೂಲಕ ಈ ಗಿಡಕ್ಕೆ ದಾಟಿಸುತ್ತಾರೆ. ಬಳ್ಳಿ ಎರಡು ಗಿಡವನ್ನೂ ತಬ್ಬಿಕೊಂಡು ರಸ ಹೀರುತ್ತದೆ, ರೋಗಾಣು ಅದರೊಳಗಿಂದ ಈಚೆಗೆ ಬರುತ್ತದೆ.

ಮಾರುಕಟ್ಟೆ ಬಗ್ಗೆ ನನ್ನ ಸಲಹೆ ಒಂದೇ. ಮೊದಲು ಗಿರಾಕಿ, ಆಮೇಲೆ ಬೀಜ. ಇದು ಎಪಿಎಂಸಿಗೆ ಹೊತ್ತೊಯ್ದು ಹರಾಜು ಕೂಗುವ ಮಾಲಲ್ಲ. ಆಲ್ಕಲಾಯ್ಡ್ ತೆಗೆಯುವ ಕೆಲವೇ ಕಂಪನಿಗಳು, ಅವರಿಗೆ ಒದಗಿಸುವ ಗಿಡಮೂಲಿಕೆ ವ್ಯಾಪಾರಿಗಳು, ಇಷ್ಟೇ ಕೊಳ್ಳುವವರು. ಎಷ್ಟು ಕೊಳ್ಳುತ್ತಾರೆ, ತೇವಾಂಶ ಎಷ್ಟಿರಬಹುದು, ಬೇರು ಬೇಕಾ ಬೇಡವಾ, ಎಲ್ಲ ಬರವಣಿಗೆಯಲ್ಲಿರಲಿ. "ನೀವು ಬೆಳೀರಿ, ನಾವು ತಗೋತೀವಿ" ಅಂತ ಸಸಿ ಮಾರಿ ಹೋಗುವವರು ಎಲ್ಲ ಕಡೆ ಇದ್ದಾರೆ. ಔಷಧಿ ಗಿಡ ಅಂದ ಕೂಡಲೇ ನಮ್ಮ ಜನ ಪ್ರಶ್ನೆ ಕೇಳುವುದನ್ನೇ ಬಿಡುತ್ತಾರೆ.

ಇನ್ನು ಯೀಸ್ಟಿನ ಸುದ್ದಿ, ಅಂದರೆ ಹಿಟ್ಟು ಹುದುಗಿಸುವ ಸೂಕ್ಷ್ಮಜೀವಿಯಿಂದ ಈ ಮದ್ದು ಮಾಡಿಸುವ ಸುದ್ದಿ. 2019ರಲ್ಲಿ ಅಮೆರಿಕದಲ್ಲಿ ವಿಂಕ್ರಿಸ್ಟಿನ್‌ಗೆ ಕೊರತೆ ಬಂತು. ತಯಾರಿಸುತ್ತಿದ್ದ ಎರಡು ಕಂಪನಿಗಳಲ್ಲಿ ಒಂದು ನಿಲ್ಲಿಸಿತ್ತು, ಇನ್ನೊಂದಕ್ಕೆ ಪೂರೈಸಲು ಆಗಲಿಲ್ಲ. ಮಕ್ಕಳ ವಾರ್ಡಿನಲ್ಲಿ ಯಾರಿಗೆ ಕೊಡುವುದು, ಯಾರಿಗೆ ಬಿಡುವುದು ಎಂಬ ಸ್ಥಿತಿ. 2022ರಲ್ಲಿ ಅಮೆರಿಕದ ವಿಜ್ಞಾನಿ ಜೇ ಕೀಸ್ಲಿಂಗ್ ಅವರ ತಂಡ ಯೀಸ್ಟಿಗೆ ಈ ಗಿಡದ ಕೆಲಸ ಕಲಿಸಿತು. ಮೂವತ್ತಕ್ಕೂ ಹೆಚ್ಚು ಜೀನ್‌ಗಳನ್ನು ಸೇರಿಸಿ ಅದರಿಂದ ಕ್ಯಾಥರಾಂಥಿನ್, ವಿಂಡೊಲಿನ್ ಎರಡನ್ನೂ ಮಾಡಿಸಿದರು. ಆಮೇಲೆ ಎರಡನ್ನೂ ಕೂಡಿಸಿ ವಿನ್‌ಬ್ಲಾಸ್ಟಿನ್ ಮಾಡಿದರು. ರೈತರು ಹೆದರಬೇಕಾ? ನನ್ನ ಲೆಕ್ಕದಲ್ಲಿ ಈಗಲೇ ಬೇಡ. ಆ ಪ್ರಯೋಗದಲ್ಲಿ ಸಿಕ್ಕಿದ್ದು ಲೀಟರಿಗೆ ಮೈಕ್ರೋಗ್ರಾಂ ಲೆಕ್ಕದಲ್ಲಿ. ಆದರೆ ಅದು ಬೆಳೆಯುತ್ತಾ ಹೋಗುತ್ತದೆ. ಹತ್ತಿಪ್ಪತ್ತು ವರ್ಷಕ್ಕೆ ಈ ಬೆಳೆಯನ್ನೇ ನಂಬಿ ಸಾಲ ಮಾಡಬೇಡಿ.

ಮಡಗಾಸ್ಕರ್‌ಗೆ ಇದರಿಂದ ಏನು ಸಿಕ್ಕಿತು ಅಂತ ಮುಂದಿನ ಸಾಲಿನವರು ಕೇಳುತ್ತಿದ್ದಾರೆ. ಔಷಧಿಯ ಲಾಭದಲ್ಲಿ ಪಾಲು ಸಿಗಲಿಲ್ಲ. ಎಲೆ, ಬೇರು ಮಾರಿದ ದುಡ್ಡು ಮಾತ್ರ. ಗಿಡ ಆಗಲೇ ಎಲ್ಲ ದೇಶದಲ್ಲೂ ಹರಡಿತ್ತು. ಕೇಳಲು ಕಾನೂನೂ ಇರಲಿಲ್ಲ. ಜೀವವೈವಿಧ್ಯದ ಅಂತರರಾಷ್ಟ್ರೀಯ ಒಪ್ಪಂದ ಆದದ್ದು 1992ರಲ್ಲಿ, ನಮ್ಮ ಕಾಯ್ದೆ 2002ರಲ್ಲಿ. ಆ ವಾದಗಳಲ್ಲಿ ಈ ಗಿಡದ ಹೆಸರು ಮತ್ತೆ ಮತ್ತೆ ಬರುತ್ತದೆ.

ಮನೆಯಲ್ಲಿ ಕುಂಡದಲ್ಲಿ ಬೆಳೆಸುವವರ ಪ್ರಶ್ನೆಗಳು ಉಳಿದಿವೆ. ಮಣ್ಣಿಗೆ ಮೂರನೇ ಒಂದು ಪಾಲು ಮರಳು ಹಾಕಿ. ಕುಂಡದ ತೂತು ಮುಚ್ಚಿಲ್ಲ ಅಂತ ನೋಡಿ. ಮಧ್ಯಾಹ್ನ ಎಲೆ ಮಡಚಿಕೊಂಡರೆ ಗಾಬರಿಯಾಗಿ ನೀರು ಸುರಿಯಬೇಡಿ, ಸಂಜೆಗೆ ತಾನೇ ಬಿಚ್ಚಿಕೊಳ್ಳುತ್ತದೆ. ಸಂಜೆಗೂ ಬಿಚ್ಚದಿದ್ದರೆ ಆಗ ನೀರು ಕೊಡಿ. ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸಿರಿದ್ದರೆ ಕಬ್ಬಿಣದ ಕೊರತೆ. ನಿಮ್ಮ ಬೋರ್‌ವೆಲ್ ನೀರು ಗಡಸು ಇದ್ದೀತು, ಮಳೆನೀರು ಹಾಕಿ ನೋಡಿ. ಗಿಡ ಉದ್ದುದ್ದ ಹೋದರೆ ಕುಡಿ ಚಿವುಟಿ, ಪೊದೆಯಾಗುತ್ತದೆ. ಹಾಲು ಕಣ್ಣಿಗೆ ತಾಗದಂತೆ ಕೈ ತೊಳೆದುಕೊಳ್ಳಿ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಕುಂಡ ಎತ್ತರದಲ್ಲಿರಲಿ.

ಬಿಳಿ ಹೂವಿನದ್ದು ಒಳ್ಳೆಯದೋ ಗುಲಾಬಿಯದ್ದೋ ಅಂತ ಕೇಳಿದಿರಿ. ಚೆಂದಕ್ಕಾದರೆ ನಿಮ್ಮ ಇಷ್ಟ. ಬೆಳೆಗಾದರೆ ಹೂವಿನ ಬಣ್ಣ ನೋಡಿ ತಳಿ ಆರಿಸಬೇಡಿ, ಕೊಳ್ಳುವವರು ಯಾವ ತಳಿ ಕೇಳುತ್ತಾರೋ ಅದನ್ನೇ ಹಾಕಿ. ಬೀಜ ನೀವೇ ಮಾಡಿಕೊಳ್ಳುವುದಾದರೆ ಕೋಡು ಹಳದಿಗೆ ತಿರುಗುವಾಗಲೇ ಕಿತ್ತು, ಕಾಗದದ ಚೀಲದಲ್ಲಿ ಹಾಕಿ ನೆರಳಲ್ಲಿಡಿ. ಗಿಡದ ಮೇಲೇ ಒಣಗಲು ಬಿಟ್ಟರೆ ಕೋಡು ಬಿರಿದು ಬೀಜವೆಲ್ಲ ಮಣ್ಣಿಗೆ ಹೋಗುತ್ತದೆ.